ಬಸುರಿಗೆ ಟಿಡಿಯೋ, ಟಿಡ್ಯಾಪೋ?

ಹೊಸನಗರದ ಕಡೆಯ ಬಂಧುವೊಬ್ಬರು ಕೇಳಿದರು: ತಂಗಿಗೆ ನಾಲ್ಕು ತಿಂಗಳು, ಊರಿನ ಆರೋಗ್ಯ ಕೇಂದ್ರದ ಟಿಡಿ ಚುಚ್ಚುಮದ್ದು (ಧನುರ್ವಾಯು, ಗಂಟಲಮಾರಿ ತಡೆಯುವಂಥದ್ದು) ಸಾಕಾ, ಶಿವಮೊಗ್ಗಕ್ಕೆ ಹೋಗಿ ಟಿಡ್ಯಾಪ್ ಹಾಕಿಸಬೇಕಾ?

ಹಸುಗೂಸಿನ ಧನುರ್ವಾಯು ತಡೆಯುವ ಮಟ್ಟಿಗೆ ಎರಡೂ ಸಮ. ತಾಯಿಯ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ದಾಟುತ್ತವೆ. ಟಿಡ್ಯಾಪ್‌ನಲ್ಲಿ ನಾಯಿಕೆಮ್ಮಿನ ರಕ್ಷಣೆಯೂ ಇದೆ, ಅದೇ ವ್ಯತ್ಯಾಸ.

ಖರ್ಚು? ಟಿಡಿ ಉಚಿತ. ಟಿಡ್ಯಾಪ್‌ಗೆ ಖಾಸಗಿಯಲ್ಲಿ ಸಾವಿರ ರೂಪಾಯಿ ದಾಟುತ್ತೆ.

ನಿಜವಾದ ತೊಡಕು ಸಮಯದ್ದು. ಮೊದಲ ಟಿಡಿ ಬಸಿರು ಗೊತ್ತಾದ ಕೂಡಲೇ, ಎರಡನೆಯದು 4 ವಾರದ ನಂತರ. ಕಳೆದ 3 ವರ್ಷದೊಳಗಿನ ಬಸಿರಲ್ಲಿ ಟಿಡಿಯ ಎರಡೂ ಡೋಸ್ ಆಗಿದ್ದರೆ ಒಂದು ಬೂಸ್ಟರ್ ಸಾಕು. ತಾಯಿ ಕಾರ್ಡ್ ನೋಡಿ. ಟಿಡ್ಯಾಪ್ 27ರಿಂದ 36ನೇ ವಾರದೊಳಗೆ. ಆ ಹೊತ್ತಿಗೆ ಆಷಾಢದ ಮಳೆ ಹಿಡಿದರೆ ಘಟ್ಟದ ರಸ್ತೆಯಲ್ಲಿ ತುಂಬುಬಸುರಿಯನ್ನು ಕುಲುಕಾಡಿಸಿಕೊಂಡು ಹೋಗೋದು ಯಾರಿಗೆ ಬೇಕು? ಅಂಥವರಿಗೆ ಆಶಾ ಕಾರ್ಯಕರ್ತೆ ನೆನಪಿಸಿ ಹಾಕಿಸುವ ಟಿಡಿಯೇ ಸೈ. ಪೇಟೆಯಲ್ಲೇ ತಪಾಸಣೆ ನಡೆಯುತ್ತಿದ್ದು ಕೈಯಲ್ಲಿ ಕಾಸಿದ್ದರೆ, ವೈದ್ಯರನ್ನು ಕೇಳಿ ಎರಡನೇ ಟಿಡಿ ಬದಲು ಟಿಡ್ಯಾಪ್ ಹಾಕಿಸಬಹುದು. ಅದಕ್ಕಾಗಿ ಮೊದಲ ಟಿಡಿ ಮುಂದೂಡಬೇಡಿ.

ಇನ್ನು ಹುಟ್ಟಿದ ಮಗುವಿನ ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಅಂತ ಅಜ್ಜಿ ಶುರು ಮಾಡಿದರೆ, ಯಾವ ಚುಚ್ಚುಮದ್ದಾಗಿದ್ದರೂ ಕೈ ಹಿಡಿದು ನಿಲ್ಲಿಸಿ. ಧನುರ್ವಾಯು ಒಳನುಗ್ಗುವ ದಾರಿ ಅದೇ. ಹೊಕ್ಕುಳಬಳ್ಳಿ ಒಣಗಿ ತಾನೇ ಬೀಳುತ್ತೆ.