ದೋಣಿ ಬ್ಯಾಟರಿಗೆ ಯಾವ ಚಾರ್ಜರ್: ಒಳಗೇ ಕೂರಿಸುವುದೋ, ಬಿಡಿಯದೋ?

ಗೊರೂರಿನ ಹೇಮಾವತಿ ಹಿನ್ನೀರಿರಲಿ, ಲಕ್ಕವಳ್ಳಿಯ ಭದ್ರಾ ಜಲಾಶಯವಿರಲಿ, ಮೊದಲು ನೋಡಬೇಕಾದ್ದು ದಡದಲ್ಲಿ ಕರೆಂಟ್ ಇದೆಯೇ ಅಂತ. ಇಲ್ಲದಿದ್ದರೆ ಬಿಡಿ ಚಾರ್ಜರೇ ಗತಿ. ಬ್ಯಾಟರಿ ಬಿಚ್ಚಿ ಮನೆಗೆ ತಂದು, ಗಾಳಿಯಾಡುವ ಕಡೆ ಇಟ್ಟು ಚಾರ್ಜ್ ಮಾಡಿ. ಖರ್ಚು ಕಮ್ಮಿ, ಹೊರುವ ಕಷ್ಟ ಜಾಸ್ತಿ.

ಕರೆಂಟ್ ಇದ್ದು ದೋಣಿ ದಿನಾ ಓಡುವುದಾದರೆ ಒಳಗೇ ಕೂರಿಸುವುದು ವಾಸಿ. ಆದರೆ ದೋಣಿಗೆಂದೇ ಮಾಡಿದ ಚಾರ್ಜರ್ ತನ್ನಿ, ವೈರಿಂಗ್‌ನಲ್ಲಿ ಜಿಪುಣತನ ಬೇಡ. ಪ್ಲಸ್ ವೈರಿನ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು. ಬರೀ ಚಾರ್ಜರ್ ಕಡೆ ಹಾಕಿದರೆ, ನಡುವೆ ವೈರ್ ಉಜ್ಜಿ ಶಾರ್ಟ್ ಆದಾಗ ಬ್ಯಾಟರಿಯ ಕರೆಂಟನ್ನು ತಡೆಯುವುದು ಏನೂ ಇರುವುದಿಲ್ಲ, ವೈರೇ ಉರಿಯುತ್ತದೆ. 230 ವೋಲ್ಟ್ ಕಡೆಗೆ ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಎರಡೂ ಬೇಕು. ಈ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ. ನೀರಿನ ಪಕ್ಕ ಅಲ್ವಾ!

ಚಾರ್ಜರನ್ನು ಬ್ಯಾಟರಿಯ ನೇರ ಮೇಲೆ ಕೂರಿಸಬೇಡಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ, ಜತೆಗೆ ಏಳುವ ಆಸಿಡ್ ಹನಿ ಚಾರ್ಜರನ್ನೇ ತಿನ್ನುತ್ತದೆ.

ಯಾವುದೇ ಕೊಂಡರೂ 100 ಆಂಪಿಯರ್ ಅವರ್ ಲೆಡ್ ಆಸಿಡ್ ಬ್ಯಾಟರಿಗೆ 10 ಆಂಪಿಯರ್ ಚಾರ್ಜರ್ ಸಾಕು. ಲಿಥಿಯಂ ಆದರೆ ಅದಕ್ಕೆ ಹೊಂದುವುದನ್ನೇ ಕೇಳಿ ತನ್ನಿ.