ಆಫೀಸಿಗೆ ಏನು ಹಾಕಿಕೊಂಡು ಹೋಗೋದು: ಶರ್ಟು, ಕುರ್ತಾ, ಚೂಡಿದಾರ, ಸೀರೆ

ನಾನು ಟ್ರಾನ್ಸ್ ಹೆಂಗಸು, ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡವಳು. ನನ್ನಂಥವರಿಗೆ ಹೆಣ್ಣು ಹಾರ್ಮೋನ್ ಶುರುವಾದ ಮೇಲೆ ದೇಹ ಒಂದು ಅಳತೆಯಲ್ಲಿ ನಿಲ್ಲುವುದಿಲ್ಲ. ಎದೆಯ ಬೆಳವಣಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಕಾಣಿಸಿಕೊಂಡು, ಪೂರ್ತಿಯಾಗಲು 2-3 ವರ್ಷ ಹಿಡಿಯುತ್ತದೆ. ಸೊಂಟ, ತೊಡೆಗೆ ಕೊಬ್ಬು ಬಂದು ಸೇರಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಗಬಹುದು. ಭುಜದ ಮೂಳೆ ಮಾತ್ರ ಎಷ್ಟು ಮಾತ್ರೆ ನುಂಗಿದರೂ ಇದ್ದಲ್ಲೇ ಇರುತ್ತದೆ. ನನ್ನ ಭುಜ 17 ಇಂಚು ದಾಟುತ್ತದೆ, ಎತ್ತರ 5 ಅಡಿ 9 ಇಂಚು, ಕೆಲಸ ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಗಂಡಸರ ಶರ್ಟು ಬಿಟ್ಟು ಹೆಂಗಸರ ಬಟ್ಟೆಗೆ ಬರುವ ದಾರಿಯಲ್ಲಿ ನಾಲ್ಕು ಬಗೆಯನ್ನು ಆಫೀಸಿಗೆ ಹಾಕಿಕೊಂಡು ಹೋಗಿ ನೋಡಿದೆ. ಟ್ರಾನ್ಸ್ ಗಂಡಸರ ಕಷ್ಟಗಳು ಬೇರೆ, ಅವರೇ ಬರೆದರೆ ಚೆನ್ನ.

ಮೊದಲು ಹೆಂಗಸರ ಫಾರ್ಮಲ್ ಶರ್ಟು-ಪ್ಯಾಂಟು. ಪ್ಯಾಂಟಿನ ಮೇಲೆ ಇರುವ ದೂರು ಒಂದೇ, ಜೇಬು. ಕೆಲವಕ್ಕೆ ಇರುವುದೇ ಇಲ್ಲ, ಇದ್ದರೆ ಮೊಬೈಲ್ ಅರ್ಧ ಹೊರಗೆ ಇಣುಕುತ್ತದೆ. ಉಳಿದಂತೆ ಬಹಳ ಒಳ್ಳೆಯ ಶುರುವಾತು. ಸೊಂಟದ ಮೇಲೆ ಕೂರುವ ಹೈ ವೇಸ್ಟ್ ಪ್ಯಾಂಟು ಹಾಕಿದರೆ ಕಾಲು ಉದ್ದ, ನಡು ಸಣ್ಣ ಅನ್ನಿಸುತ್ತದೆ, ಪಕ್ಕದ ಟೇಬಲ್ಲಿನವರಿಗೆ ಏನು ಬದಲಾಗಿದೆ ಎಂದು ಗೊತ್ತಾಗುವುದಿಲ್ಲ. ನನ್ನ ಹಾಗೆ ಗಂಡು ಹಾರ್ಮೋನ್ ತಡೆಯಲು ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಅನುಕೂಲವೂ ಇದೆ. ಅದು ಮೂತ್ರವನ್ನೂ ಹೆಚ್ಚಿಸುವ ಮಾತ್ರೆ, ಮೀಟಿಂಗ್ ನಡುವೆ ಎದ್ದು ಓಡಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಪ್ಯಾಂಟಿನಷ್ಟು ಬೇಗ ಕೆಲಸ ಮುಗಿಸಿಕೊಡುವ ಬಟ್ಟೆ ಬೇರೆ ಇಲ್ಲ.

ಶರ್ಟು ಮಾತ್ರ ನನಗೆ ಕೈಕೊಟ್ಟಿತು. ಭುಜಕ್ಕೆ ಸರಿಹೋಗುವ ಸೈಜ್ ತಗೊಂಡರೆ ಹೊಟ್ಟೆಯ ಹತ್ತಿರ ಜೋಲು, ಹೊಟ್ಟೆಗೆ ಹೊಂದಿದ್ದು ತಗೊಂಡರೆ ಕೈ ಮುಂದೆ ಚಾಚಿದಾಗ ಬೆನ್ನಿನಲ್ಲಿ ಬಿಗಿತ. ಎದೆಯಲ್ಲಿ ಗಂಟಿನಂತೆ ಮೊದಲು ಬರುವ ನೋವಿದೆಯಲ್ಲ, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಶರ್ಟು ಅದರ ಮೇಲೆ ಉಜ್ಜಿದರೆ ಸಂಜೆಯವರೆಗೂ ಚುರುಚುರು. ಒಳಗೆ ಮೆತ್ತನೆಯ ಸ್ಲಿಪ್ ಹಾಕದೆ ಆಗುವುದಿಲ್ಲ. ಆರೇಳು ತಿಂಗಳಾಗುವಷ್ಟರಲ್ಲಿ ಎರಡನೇ ಮೂರನೇ ಗುಂಡಿ ನಡುವೆ ಬಾಯಿ ಬಿಡಲು ಶುರುವಾಗುತ್ತದೆ. ಪ್ಯಾಂಟು ಇಟ್ಟುಕೊಂಡು ಶರ್ಟು ಬಿಟ್ಟೆ.

ಕುರ್ತಾದ ಬಗ್ಗೆ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ಮಾತ್ರ ಸಿಕ್ಕಿರುವ ಒಂದು ಸೌಲಭ್ಯ ಅದರಲ್ಲಿದೆ. ಶುಕ್ರವಾರ ಗಂಡಸರ ಕುರ್ತಾ ಹಾಕಿ ಬರುವವರು ಎಲ್ಲ ಆಫೀಸಿನಲ್ಲೂ ಒಬ್ಬರಿಬ್ಬರು ಇರುತ್ತಾರೆ. ಅಲ್ಲಿಂದ ಹೆಂಗಸರ ಸ್ಟ್ರೈಟ್ ಕುರ್ತಾಕ್ಕೆ ಇರುವ ದೂರ ತೀರಾ ಕಡಿಮೆ: ಪಕ್ಕದಲ್ಲಿ ಒಂದೊಂದು ಡಾರ್ಟ್ (ಮೈಗೆ ಹೊಂದಲು ಹಿಡಿಯುವ ಹೊಲಿಗೆಯ ಮಡಿಕೆ), ಮುಕ್ಕಾಲು ತೋಳು, ಕತ್ತಿನ ಸುತ್ತ ಒಂದು ಸಾಲು ಕಸೂತಿ, ಬಣ್ಣ ಒಂದು ಪಟ್ಟು ಗಾಢ. ಒಂದೊಂದನ್ನೇ ಬದಲಿಸುತ್ತ ಹೋದೆ. ನಾನು ಗಂಡಸರ ಕುರ್ತಾ ಬಿಟ್ಟದ್ದು ಯಾವ ಸೋಮವಾರ ಎಂದು ಕೇಳಿದರೆ ನಮ್ಮ ಆಫೀಸಿನಲ್ಲಿ ಯಾರೂ ಹೇಳಲಾರರು. ಸೂಟು-ಟೈ ಕಟ್ಟುವ ಜಾಗಗಳಲ್ಲಿ ಈ ಹೊಸ್ತಿಲು ಇಷ್ಟು ತಗ್ಗಾಗಿ ಸಿಗುವುದಿಲ್ಲ.

ಆರಿಸುವಾಗ ನೋಡಬೇಕಾದದ್ದು ಮೊದಲು ಕತ್ತು. ಸ್ಟ್ಯಾಂಡ್ ಕಾಲರ್ ಇದ್ದು ಮುಂದೆ ಉದ್ದಕ್ಕೆ ಸೀಳಿರುವುದು ನನಗೆ ಎಲ್ಲಕ್ಕಿಂತ ಒಗ್ಗಿತು. ಗಂಟಲಗುಬ್ಬಿ ಮರೆಯಾಗುತ್ತದೆ, ಗಡ್ಡದ ಕೂದಲಿಗೆ ಲೇಸರ್ ಮಾಡಿಸಿಕೊಂಡ ಮಾರನೆ ದಿನದ ಕೆಂಪೂ ಅರ್ಧ ಮುಚ್ಚುತ್ತದೆ, ಸೀಳು ಕೆಳಕ್ಕೆ ಎಳೆಯುವುದರಿಂದ ಭುಜ ಕಿರಿದು ಅನ್ನಿಸುತ್ತದೆ. ಬೋಟ್ ನೆಕ್ ಮತ್ತು ಪಫ್ ತೋಳು ಇದಕ್ಕೆ ಪೂರಾ ವಿರುದ್ಧ, ಹಾಕಿದರೆ ಬಾಗಿಲಿಗೆ ಅಡ್ಡ ಬೀರು ನಿಲ್ಲಿಸಿದ ಹಾಗೆ ಕಾಣುತ್ತೇನೆ. ಎ-ಲೈನ್ ಕಟ್ ಇನ್ನೂ ಬಾರದ ಸೊಂಟವನ್ನು ಬಂದಂತೆ ತೋರಿಸುತ್ತದೆ. ರೇಯಾನ್ ಮೈಗೆ ಅಂಟಿ ಬ್ರಾದ ಗೆರೆ ಎದ್ದು ಕಾಣುತ್ತದೆ, ಕಾಟನ್ ಹಾಗೆ ಚಾಡಿ ಹೇಳುವುದಿಲ್ಲ. ಇನ್ನೂ ಯಾರಿಗೂ ಹೇಳಿಲ್ಲ ಅನ್ನುವವರು ತುಂಬು ಬ್ಲಾಕ್ ಪ್ರಿಂಟ್ ತಗೊಳ್ಳಿ. ಅದರೊಳಗೆ ಎದೆ ಎಷ್ಟು ಬೆಳೆದಿದೆ ಅನ್ನುವುದು ಸುಲಭಕ್ಕೆ ಲೆಕ್ಕಕ್ಕೆ ಸಿಗುವುದಿಲ್ಲ.

ರೆಡಿಮೇಡ್‌ನಲ್ಲಿ ನನಗೆ ಹಿಡಿಯುವುದು ಎಕ್ಸ್ಎಕ್ಸ್ಎಲ್, ಅದೂ ಭುಜದ ಸಲುವಾಗಿ. ಪಕ್ಕವನ್ನು ಬೀದಿಯ ಟೈಲರ್ ಅಕ್ಕನ ಹತ್ತಿರ ಹಿಡಿಸುತ್ತೇನೆ, ಆದರೆ ಒಳಗಿನ ಬಟ್ಟೆ ಕತ್ತರಿಸಲು ಬಿಡುವುದಿಲ್ಲ.

"ಒಳಗೆ ಎಷ್ಟು ಬಿಡ್ಲಿ?" ಅಂತ ಅವರು ಮೊದಲ ಸಲ ಕೇಳಿದರು.

"ಎರಡೂ ಕಡೆ ಒಂದೊಂದು ಇಂಚು ಇರಲಿ ಅಕ್ಕಾ, ಮುಂದೆ ಬೇಕಾಗುತ್ತೆ."

"ದಪ್ಪ ಆಗೋ ಪ್ಲಾನಾ?" ಎಂದು ನಕ್ಕರು. ಈಗ ಕೇಳದೆಯೇ ಬಿಡುತ್ತಾರೆ.

ಚೂಡಿದಾರ-ದುಪಟ್ಟಾ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ದುಪಟ್ಟಾ ಎದೆಯನ್ನು, ಇದ್ದರೂ ಇಲ್ಲದಿದ್ದರೂ, ಮುಚ್ಚುತ್ತದೆ ಅನ್ನುವುದು ನಿಜ. ಆದರೆ ಎರಡೂ ಭುಜಕ್ಕೆ ಪಿನ್ ಹಾಕಿದರೆ ಭುಜ ಇನ್ನೂ ಅಗಲ, ಒಂದೇ ಕಡೆ ಬಿಟ್ಟರೆ ಕುರ್ಚಿಯ ಚಕ್ರಕ್ಕೆ ಸಿಕ್ಕುತ್ತದೆ. ಬಿಗಿ ಚೂಡಿದಾರ ನನ್ನ ಕಾಲಿನ ಮೀನಖಂಡಕ್ಕೆ ಕನ್ನಡಿ ಹಿಡಿಯುತ್ತದೆ. ಕುರ್ತಾಕ್ಕೆ ನೇರ ಪ್ಯಾಂಟೇ ವಾಸಿ.

ಕುರ್ತಾದವರೆಗೂ ಯಾರಿಗೂ ಏನೂ ಹೇಳದೆ ನಡೆಯಿತು. ಅದರಾಚೆಗೆ ಹೇಳಲೇಬೇಕಾಯಿತು. ನಮ್ಮ ಆಫೀಸಿನ ಡ್ರೆಸ್ ಕೋಡ್‌ನಲ್ಲಿ ಗಂಡಸರದ್ದು ಒಂದು ಸಾಲು, ಹೆಂಗಸರದ್ದು ಒಂದು ಸಾಲು. ಎಚ್‌ಆರ್‌ನವರ ಪ್ರಶ್ನೆ ನಾನು ಯಾವ ಸಾಲು ಅನ್ನುವುದು. ಒಬ್ಬರು ತಮ್ಮ ಲಿಂಗತ್ವವನ್ನು ಉಡುಪಿನ ಮೂಲಕ ತೋರಿಸಿಕೊಳ್ಳುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹೂಡಿದ ಮೊಕದ್ದಮೆ) ತೀರ್ಪಿನಲ್ಲಿ ಹೇಳಿದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಉದ್ಯೋಗದಲ್ಲಿ ತಾರತಮ್ಯ ಕೂಡದು ಎನ್ನುತ್ತದೆ, ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಬೇಕು ಎಂದೂ ಹೇಳುತ್ತದೆ. ಇವೆರಡನ್ನೂ ಒಂದು ಮೇಲ್‌ನಲ್ಲಿ ಹಾಕಿ, ಕೊನೆಗೆ "ಹೆಂಗಸರ ಸಾಲು" ಎಂದು ಬರೆದೆ. ಜಗಳವೇನೂ ಆಗಲಿಲ್ಲ. ಶೌಚಾಲಯದ ಮಾತು ಇತ್ಯರ್ಥವಾಗಲು ಮಾತ್ರ ಇದಕ್ಕಿಂತ ಬಹಳ ಹೊತ್ತು ಹಿಡಿಯಿತು.

ಸೀರೆ ಉಟ್ಟದ್ದು ಅದಾದ ಮೇಲೆ, ನವೆಂಬರ್ 1ರ ರಾಜ್ಯೋತ್ಸವಕ್ಕೆ. ಅಂದು ಆಫೀಸಿನ ಅರ್ಧ ಹೆಂಗಸರು ಹಳದಿ ಸೀರೆ, ಕೆಂಪು ರವಿಕೆಯಲ್ಲೇ ಇರುತ್ತಾರೆ, ಗುಂಪಿನಲ್ಲಿ ಒಬ್ಬಳಾಗಬಹುದು ಅನ್ನುವ ಲೆಕ್ಕ. ಲೆಕ್ಕ ಅರ್ಧ ಸರಿಯಾಯಿತು. ನೋಡುವವರು ನೋಡಿಯೇ ನೋಡಿದರು. ಆದರೆ ಅದುವರೆಗೆ ಇನ್‌ವಾಯ್ಸ್ ಬಿಟ್ಟು ಬೇರೆ ಮಾತಾಡದಿದ್ದ ಒಬ್ಬರು ನೇರ ಬಂದು, "ಫಾಲ್ ಹಾಕಿಸಿಲ್ವೇನ್ರೀ? ನೆರಿಗೆ ಹೇಗೆ ನಿಲ್ಲುತ್ತೆ?" ಎಂದು ಬೈದು, ಪಿನ್ನು ಕಿತ್ತು ಮತ್ತೆ ಹಾಕಿದರು.

ಅಳತೆಯ ದೃಷ್ಟಿಯಿಂದ ನೋಡಿದರೆ ಬದಲಾಗುವ ದೇಹಕ್ಕೆ ಸೀರೆಯಷ್ಟು ಉದಾರಿ ಇನ್ನೊಂದಿಲ್ಲ. ಐದೂವರೆ ಮೀಟರ್ ಬಟ್ಟೆಗೆ ಸೊಂಟ ಎರಡು ಇಂಚು ಹೆಚ್ಚಾದರೇನು, ಕಡಿಮೆಯಾದರೇನು. ಸೆರಗು ಎದೆಯ ಮೇಲೆ ಓರೆಯಾಗಿ ಹಾದು ಭುಜದ ಅಗಲವನ್ನು ಕತ್ತರಿಸುತ್ತದೆ, ಇಷ್ಟು ಚೆನ್ನಾಗಿ ಕುರ್ತಾಕ್ಕೂ ಆಗದು. ತೊಂದರೆ ಇರುವುದು ರವಿಕೆಯಲ್ಲಿ. ಹೊಲಿಸಿದ ರವಿಕೆ ಕೆಲವು ತಿಂಗಳಲ್ಲೇ ಬಿಗಿಯಾಗುತ್ತದೆ, ಹಾಗಾಗಿ ಮೊದಲ ವರ್ಷ ಹಿಗ್ಗುವ ಹೊಸೈರಿ ಬ್ಲೌಸೇ ಸಾಕು, ಕೆಂಪೊಂದು ಕಪ್ಪೊಂದು. ಗುಳೇದಗುಡ್ಡ ಖಣದ ರವಿಕೆ ಹೊಲಿಸುವ ಆಸೆಯನ್ನು ಇನ್ನೂ ತಡೆದಿಟ್ಟುಕೊಂಡಿದ್ದೇನೆ. ನನ್ನ ಎತ್ತರದವರು ಲಂಗವನ್ನು ಉದ್ದವಾಗಿಯೇ ಹೊಲಿಸಬೇಕು, ಸೀರೆಯನ್ನೂ ಹೊಕ್ಕುಳಿಗಿಂತ ತಗ್ಗಿಸಿ ಉಡಬೇಕು. ಇಲ್ಲದಿದ್ದರೆ ಪಾದದ ಗಂಟು ಹೊರಗೆ. ಮೇಲೆ ಹೇಳಿದ ಮಾತ್ರೆ ಮತ್ತು ಸೀರೆ ಒಂದಕ್ಕೊಂದು ಆಗಿಬರುವುದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಬಸ್ಸಿನಲ್ಲೂ ಒಂದು ಪರೀಕ್ಷೆ ನಡೆಯುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಶರ್ಟು-ಪ್ಯಾಂಟಿನಲ್ಲಿದ್ದಾಗ ಕಂಡಕ್ಟರ್ ಸುಮ್ಮನೆ ದುಡ್ಡಿಗೆ ಕೈ ಚಾಚುತ್ತಿದ್ದರು, ನಾನೂ ಸುಮ್ಮನೆ ಕೊಡುತ್ತಿದ್ದೆ. ಕುರ್ತಾ ಹಾಕಿದ ದಿನ ಒಂದು ಕ್ಷಣ ಮುಖ ನೋಡಿ ಆಧಾರ್ ಕೇಳುತ್ತಾರೆ, ಅದರಲ್ಲಿ ಮೀಸೆಯ ಫೋಟೋ, ಹಿಂದೆ ನಿಂತವರಿಗೆಲ್ಲ ಕುತೂಹಲ. ಸೀರೆ ಉಟ್ಟ ದಿನ ಕೇಳುವ ಮೊದಲೇ ಶೂನ್ಯ ಟಿಕೆಟ್ ಕೈಗೆ ಬಂದಿರುತ್ತದೆ. ಆದರೂ ದಿನನಿತ್ಯಕ್ಕೆ ನನ್ನ ಆಯ್ಕೆ ಸ್ಟ್ಯಾಂಡ್ ಕಾಲರ್ ಕುರ್ತಾ ಮತ್ತು ಫಾರ್ಮಲ್ ಪ್ಯಾಂಟು. ಆಡಿಟ್ ನಡೆಯುವ ವಾರಗಳಲ್ಲಿ ಹತ್ತು ಗಂಟೆ ಕೂತು ಏಳುವಾಗ ಕಂಡಕ್ಟರ್ ಏನಂದುಕೊಂಡರು ಅನ್ನುವುದಕ್ಕಿಂತ ಕಂಕುಳು ಬಿಗಿಯದೆ ಇರುವುದು ಮುಖ್ಯ. ತಿಂಗಳಿಗೊಮ್ಮೆ ಸೀರೆ, ಅದು ಬರೀ ನನ್ನ ಖುಷಿಗೆ.

ಚಪ್ಪಲಿಯದ್ದು ಎಲ್ಲ ಬಗೆಗೂ ಒಂದೇ ಗೋಳು. ಹೆಂಗಸರ ಸೈಜ್ ಹೆಚ್ಚಿನ ಅಂಗಡಿಗಳಲ್ಲಿ 8ಕ್ಕೇ ಮುಗಿಯುತ್ತದೆ, ನನ್ನ ಪಾದ 9. ಸದ್ಯಕ್ಕೆ ಗಂಡಸರ ಸಾಲಿನಿಂದಲೇ ತೆಳು ಪಟ್ಟಿಯ ಕೊಲ್ಹಾಪುರಿ ತಗೊಂಡಿದ್ದೇನೆ. ಕುರ್ತಾಕ್ಕೂ ಸೀರೆಗೂ ಹೊಂದುತ್ತದೆ, ಮಳೆಗಾಲಕ್ಕೆ ಮಾತ್ರ ಬೇರೆ ನೋಡಬೇಕು.