12 ತಿಂಗಳು ಬಳಸಿದ ಸ್ಟ್ರಾ ಕಪ್: ಬಾಟಲಿ ಬಿಡಿಸಲು ಒಳ್ಳೆಯದು, ಆದರೆ ವಾಲ್ವ್ ತೆಗೆದಿಡಿ

ಮಗುವಿನ 6ನೇ ತಿಂಗಳಿಂದ 18ನೇ ತಿಂಗಳವರೆಗೆ ದಿನವೂ ಬಳಸಿದ ಕಪ್ ಇದು. 200 ಮಿ.ಲೀ. ಹಿಡಿಯುತ್ತದೆ. ಎರಡು ಹಿಡಿಕೆ, ಸಿಲಿಕೋನ್ ಸ್ಟ್ರಾ, ಸ್ಟ್ರಾದ ತುದಿಗೆ ತೂಕದ ಗುಂಡು, ಮುಚ್ಚಳದೊಳಗೆ ಸೋರದಂತೆ ತಡೆಯುವ ವಾಲ್ವ್.

ಕಲಿಸುವುದು ಸುಲಭ. ಸ್ಟ್ರಾವನ್ನು ನೀರಿಗೆ ಅದ್ದಿ, ಮೇಲ್ತುದಿಯನ್ನು ಬೆರಳಿಂದ ಮುಚ್ಚಿ ಎತ್ತಿ, ಕೆಳತುದಿಯನ್ನು ಮಗುವಿನ ತುಟಿಗಿಟ್ಟು ಬೆರಳು ಸಡಿಲಿಸಿ. ನಾಲ್ಕು ಹನಿ ಬಾಯಿಗೆ ಬಿದ್ದಾಗ ಮಗು ತಾನೇ ತುಟಿ ಮುಚ್ಚಿ ಎಳೆಯುತ್ತದೆ.

ತಕರಾರಿರುವುದು ವಾಲ್ವ್ ಬಗ್ಗೆ. ಅದು ತೆರೆಯಬೇಕಾದರೆ ನಿಪ್ಪಲ್ ಚೀಪಿದಷ್ಟೇ ಜೋರಾಗಿ ಚೀಪಬೇಕು. ಅಂದರೆ ಬಾಟಲಿಯ ಅಭ್ಯಾಸ ಹೋಗದೆ ಬೇರೆ ರೂಪದಲ್ಲಿ ಉಳಿಯುತ್ತದೆ. ಚೆಲ್ಲದ ಕಪ್ ಎಂದು ಮಗು ಅದನ್ನು ಹಿಡಿದುಕೊಂಡೇ ಓಡಾಡಿ, ಗಂಟೆಗಟ್ಟಲೆ ಗುಟುಕರಿಸುತ್ತದೆ. ಪ್ರತಿ ಗುಟುಕು ಹಾಲಿನ ಸಕ್ಕರೆಯನ್ನೂ ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ. ಆ ಆಮ್ಲವನ್ನು ತೊಳೆಯಲು ಜೊಲ್ಲಿಗೆ ಬಿಡುವೇ ಸಿಗುವುದಿಲ್ಲ. ವಾಲ್ವ್ ತೆಗೆದು, ಒಮ್ಮೆಗೆ 60 ಮಿ.ಲೀ. ಮಾತ್ರ ಹಾಕಿ, ಕೂರಿಸಿ ಕುಡಿಸಿ. ಉರುಳಿದರೂ ಒರೆಸುವುದು ಸ್ವಲ್ಪವೇ.

ತೂಕದ ಗುಂಡಿನಲ್ಲೂ ಒಂದು ಅಪಾಯವಿದೆ. ಕಪ್ ವಾಲಿದ ಕಡೆಗೇ ಸ್ಟ್ರಾ ಹೋಗುವುದರಿಂದ ಮಲಗಿಕೊಂಡೂ ಕುಡಿಯಬಹುದು. ಹಲ್ಲು ಹಾಳಾಗುವುದು ಇಲ್ಲೇ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ನುಂಗುವುದೂ ಅಪರೂಪ. ಹಾಲು ಮೇಲಿನ ಬಾಚಿಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಕೆಳಗಿನವನ್ನು ನಾಲಿಗೆ ಮುಚ್ಚಿರುವುದರಿಂದ ಅವು ಉಳಿಯುತ್ತವೆ, ಮೇಲಿನ ನಾಲ್ಕು ಮೊದಲು ಹೋಗುತ್ತವೆ. ಹಾಸಿಗೆಗೆ ಕಪ್ ಹೋಗಲೇಬೇಕಾದರೆ ಅದರಲ್ಲಿ ಬರೀ ನೀರಿರಲಿ.

ರಾತ್ರಿ ಬಾಟಲಿ ಬಿಡಲೊಲ್ಲದ, ವರ್ಷ ದಾಟಿ ಊಟ ಚೆನ್ನಾಗಿ ಮಾಡುವ ಮಗುವಿಗೆ ಈ ಲೆಕ್ಕ ನಡೆಯುತ್ತದೆ: 120 ಮಿ.ಲೀ. ಹಾಲಿಗೆ 30 ನೀರು, ಮೂರು ರಾತ್ರಿ. ಆಮೇಲೆ 90ಕ್ಕೆ 60, ನಂತರ 60ಕ್ಕೆ 90, ಕೊನೆಗೆ ನೀರೇ. ಡಬ್ಬಿಯ ಪುಡಿಹಾಲು ಕುಡಿಯುವ ಎಳೆಗೂಸಿಗೆ ಇದನ್ನು ಖಂಡಿತ ಮಾಡಬೇಡಿ. ಪುಡಿ ಮತ್ತು ನೀರಿನ ಅಳತೆ ಬದಲಾಗಲೇಬಾರದು.

ತೊಳೆಯುವಾಗ ಎಲ್ಲ ಭಾಗ ಬಿಚ್ಚಬೇಕು. ಮುಚ್ಚಳದ ರಬ್ಬರ್ ಉಂಗುರದ ಸಂದಿನಲ್ಲಿ ಹಾಲಿನ ಜಿಡ್ಡು ಕೂರುತ್ತದೆ. ಸ್ಟ್ರಾಗೆ ಸಣ್ಣ ಬ್ರಷ್ ಬೇಕು. ಕಪ್ಪು ಚುಕ್ಕೆ ಕಂಡರೆ, ಕಚ್ಚಿ ಸೀಳಿದ್ದರೆ ಸ್ಟ್ರಾ ಎಸೆಯಿರಿ. ಬಿಸಿ ಹಾಲು ತುಂಬಿ ಮುಚ್ಚಿದರೆ ಒಳಗೆ ಒತ್ತಡ ಏರಿ, ತೆರೆದಾಗ ಸ್ಟ್ರಾದಿಂದ ಚಿಮ್ಮುತ್ತದೆ.

ಕಪ್ ಯಾವುದಾದರೂ, ಮೊದಲ ಹಲ್ಲು ಮೂಡಿದ ದಿನದಿಂದ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ದಿನಕ್ಕೆರಡು ಬಾರಿ ಉಜ್ಜಬೇಕು. ರಾತ್ರಿ ಉಜ್ಜಿದ ಮೇಲೆ ಹಾಲಿಲ್ಲ. ಆಗಾಗ ಮೇಲ್ದುಟಿ ಎತ್ತಿ ನೋಡಿ: ವಸಡಿನಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಆರಂಭ. ಆ ಹಂತದಲ್ಲಿ ದಂತವೈದ್ಯರ ಬಳಿ ಹೋದರೆ ಹಲ್ಲು ಉಳಿಸಿಕೊಳ್ಳಬಹುದು. ಕಂದು ತಿರುಗುವವರೆಗೆ ಕಾಯಬೇಡಿ.

5ಕ್ಕೆ 3.5 ಅಂಕ. ವಾಲ್ವ್ ಇಲ್ಲದ ಮುಚ್ಚಳ, ತೂಕವಿಲ್ಲದ ಸ್ಟ್ರಾ ಜೊತೆಗೇ ಕೊಟ್ಟಿದ್ದರೆ 4.5 ಕೊಡಬಹುದಿತ್ತು.